ಮಗುವಿನ ಹೃದಯದ ಸ್ಕ್ಯಾನ್‌ಗೆ ಹೊರಟ ಅಪ್ಪ-ಅಮ್ಮಂದಿರಿಗೆ

ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟ ಡಾಕ್ಟರು ಎಂದಿಗಿಂತ ಜಾಸ್ತಿ ಹೊತ್ತು ಸುಮ್ಮನಿದ್ದರೆ ಅಮ್ಮನಿಗೆ ಏನೋ ಇದೆ ಅಂತ ತಿಳಿದುಬಿಡುತ್ತದೆ. ನನಗೂ ಹಾಗೇ ತಿಳಿಯಿತು. ಮಗಳಿಗೆ ಆಗ ಆರು ವಾರ. 'ಮರ್ಮರ್ ಕೇಳಿಸ್ತಿದೆ, ಒಂದು ಎಕೋ ಮಾಡಿಸಿ' ಅಂದರು. ಮರ್ಮರ್ ಅಂದರೆ ಹೃದಯ ಬಡಿತದ ನಡುವೆ ಕೇಳುವ ಸುಂಯ್ ಎನ್ನುವ ಸದ್ದು. ಎಕೋ ಅಂದರೆ ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಸ್ಕ್ಯಾನ್ ಎಂಬುದಾಗಲಿ, ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು, ಒಂದೂ ಗೊತ್ತಿರಲಿಲ್ಲ. ದೊಡ್ಡವರಿಗೆ ಎಕೋ ಮಾಡುವ ಜಾಗವೊಂದು ಹತ್ತಿರವಿತ್ತು, ಅಲ್ಲಿಗೇ ಹೋದೆವು. ಮಗು ಶುರುವಿನಿಂದ ಕೊನೆಯವರೆಗೆ ಅತ್ತಿತು. ಹತ್ತು ನಿಮಿಷದಲ್ಲಿ ಮುಗಿಯಿತು. 'ಹೃದಯದಲ್ಲಿ ರಂಧ್ರವಿದೆ, ಮತ್ತೆ ನೋಡಬೇಕು' ಎಂದು ರಿಪೋರ್ಟಿನಲ್ಲಿ ಒಂದು ಸಾಲು.

ಎರಡು ವಾರ ಕಳೆದು ಮಕ್ಕಳ ಹೃದ್ರೋಗ ತಜ್ಞೆಯೊಬ್ಬರು ಮುಕ್ಕಾಲು ಗಂಟೆ ಕೂತು ನೋಡಿದರು. ರಂಧ್ರ ಇತ್ತು, ನಿಜ. ಆದರೆ ಅದೊಂದೇ ಅಲ್ಲ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದಾಗಿತ್ತು. ಹೃದಯದ ನಾಲ್ಕು ದೋಷಗಳು ಒಟ್ಟಿಗೆ ಇರುವ ಈ ಸ್ಥಿತಿಗೆ ಫ್ಯಾಲೋಟ್ ಟೆಟ್ರಾಲಜಿ ಎಂಬ ಹೆಸರನ್ನು ನಾವು ಮೊದಲ ಸಲ ಕೇಳಿದ್ದು ಅವತ್ತು.

ಮಗಳಿಗೆ ಈಗ 11 ವರ್ಷ. ಆಪರೇಷನ್ ಆಗಿದೆ, ಚೆನ್ನಾಗಿ ಓಡಾಡಿಕೊಂಡಿದ್ದಾಳೆ. ಎಕೋ ಎಷ್ಟು ಸಲ ಆಯಿತು ಅಂತ ಲೆಕ್ಕ ಇಟ್ಟಿಲ್ಲ, ಎಂಆರ್‌ಐ ಎರಡು ಸಲ ಆಗಿದೆ. ಇಷ್ಟು ವರ್ಷದಲ್ಲಿ ಒಂದು ಮಾತು ನನಗೆ ಚೆನ್ನಾಗಿ ಮನದಟ್ಟಾಗಿದೆ. ಒಳ್ಳೆಯ ಚಿತ್ರ ಬರುವುದು ಬರೀ ಮೆಷಿನಿನಿಂದಲ್ಲ. ಅರ್ಧ ಕೆಲಸ ನೋಡುವವರ ಕೈಯಲ್ಲಿದೆ, ಇನ್ನೊಂದಿಷ್ಟು ನಮ್ಮ ತೊಡೆಯ ಮೇಲಿದೆ. ಆ ನಮ್ಮ ಪಾಲನ್ನು ಹೇಗೆ ಮಾಡುವುದು ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಒಂದು ಮಾತು. ಮಗುವಿನ ತುಟಿ, ನಾಲಿಗೆ ನೀಲಿಯಾಗುತ್ತಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಹಾಲು ಕುಡಿಯುತ್ತಲೇ ಬೆವರಿ ಸುಸ್ತಾಗಿ ಬಿಟ್ಟುಬಿಡುತ್ತಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ. ಆಗಲೇ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಮೊದಲು: ಯಾರ ಹತ್ತಿರ ಹೋಗಬೇಕು

ಹುಟ್ಟಿದ ಸುಮಾರು ನೂರು ಮಕ್ಕಳಲ್ಲಿ ಒಂದು ಮಗುವಿಗೆ ಹೃದಯದ ರಚನೆಯಲ್ಲಿ ಏನಾದರೂ ವ್ಯತ್ಯಾಸ ಇರುತ್ತದೆ. ಹೆಚ್ಚಿನವು ಸಣ್ಣವು. ಕೆಲವು ಹಾಗಲ್ಲ. ಯಾವುದು ಸಣ್ಣದು, ಯಾವುದು ಅಲ್ಲ ಅಂತ ಬೇರ್ಪಡಿಸುವುದೇ ಈ ಸ್ಕ್ಯಾನಿನ ಕೆಲಸ.

ದೊಡ್ಡವರ ಎಕೋ ಮಾಡುವವರು ಸಾಮಾನ್ಯವಾಗಿ ಹುಡುಕುವುದು ಬೇರೆಯೇ. ಪಂಪು ಸರಿ ಇದೆಯಾ, ಕವಾಟ ಸೋರುತ್ತಿದೆಯಾ, ಹೃದಯಾಘಾತದಿಂದ ಗೋಡೆ ಸೊರಗಿದೆಯಾ ಅಂತ ನೋಡುತ್ತಾರೆ. ಎಡ ಕೋಣೆ ಎಡಗಡೆಯೇ ಇದೆ, ಮೈಗೆಲ್ಲ ರಕ್ತ ಒಯ್ಯುವ ಮಹಾಧಮನಿ ಅಲ್ಲಿಂದಲೇ ಹೊರಟಿದೆ ಎಂಬುದು ಅವರಿಗೆ ಪ್ರಶ್ನೆಯೇ ಅಲ್ಲ. ಮಕ್ಕಳ ಹೃದಯದಲ್ಲಿ ಅದೂ ಪ್ರಶ್ನೆ. ಹೃದಯವೇ ಬಲಗಡೆ ಇರಬಹುದು. ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿರಬಹುದು. ಕೆಳಗಿನ ಕೋಣೆ ಒಂದೇ ಬೆಳೆದಿರಬಹುದು. ಶ್ವಾಸಕೋಶದಿಂದ ಬರುವ ರಕ್ತನಾಳಗಳು ಸೇರಬಾರದ ಕಡೆ ಸೇರಿರಬಹುದು.

ಅದಕ್ಕೇ ಹುಟ್ಟಿನಿಂದ ಬಂದ ಹೃದಯ ದೋಷಗಳ ಇಮೇಜಿಂಗ್‌ನಲ್ಲಿ, ಅಂದರೆ ಚಿತ್ರ ತೆಗೆದು ಓದುವುದರಲ್ಲಿ, ಪಳಗಿದ ಮಕ್ಕಳ ಹೃದ್ರೋಗ ತಜ್ಞರು ಯಾವುದನ್ನೂ ಸರಿಯಿದೆ ಎಂದು ಮೊದಲೇ ಒಪ್ಪಿಕೊಳ್ಳುವುದಿಲ್ಲ. ಹೊಟ್ಟೆಯಿಂದ ಶುರು ಮಾಡುತ್ತಾರೆ. ಲಿವರ್ ಯಾವ ಕಡೆ ಇದೆ? ದೇಹದಿಂದ ಬರುವ ರಕ್ತನಾಳ ಯಾವ ಮೇಲಿನ ಕೋಣೆಗೆ ಸೇರುತ್ತದೆ? ಆ ಕೋಣೆ ಯಾವ ಕೆಳಗಿನ ಕೋಣೆಗೆ ತೆರೆಯುತ್ತದೆ? ಅಲ್ಲಿಂದ ಯಾವ ಮಹಾನಾಳ ಹೊರಡುತ್ತದೆ? ಹೀಗೆ ಒಂದೊಂದೇ ಭಾಗ ಹಿಡಿದು ಹೋಗುವ ಕ್ರಮವನ್ನು ಗಟ್ಟಿಯಾಗಿ ಹಾಕಿಕೊಟ್ಟವರಲ್ಲಿ ರಿಚರ್ಡ್ ವ್ಯಾನ್ ಪ್ರಾಗ್ ಮತ್ತು ರಾಬರ್ಟ್ ಆಂಡರ್ಸನ್ ಮುಖ್ಯರು. ನಮ್ಮ ಡಾಕ್ಟರು ಎದೆಯ ಬದಲು ಹೊಟ್ಟೆಗೆ ಜೆಲ್ ಹಚ್ಚಿದಾಗ ನಾನು ಗಾಬರಿಯಾಗಿದ್ದೆ. ಕಾರಣ ಇದು.

ಸಲಕರಣೆಯೂ ಬೇರೆ. ಪುಟ್ಟ ಮಗುವಿನ ಹೃದಯ ಹೆಚ್ಚುಕಡಿಮೆ ಅದರ ಮುಷ್ಟಿಯಷ್ಟಿರುತ್ತದೆ, ಚರ್ಮದ ಹತ್ತಿರವೇ ಇರುತ್ತದೆ, ನಿಮಿಷಕ್ಕೆ 120, 140, ಕೆಲವೊಮ್ಮೆ 160 ಸಲ ಬಡಿಯುತ್ತದೆ. ಇದಕ್ಕೆ ಹೆಚ್ಚು ಕಂಪನಾಂಕದ ಚಿಕ್ಕ ಪ್ರೋಬ್ (ಮೈಗೆ ಒತ್ತಿ ಹಿಡಿದು ನೋಡುವ ಸಲಕರಣೆ) ಬೇಕು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಫೋನಿನಲ್ಲಿ ಕೇಳಿ: ಇಲ್ಲಿ ಚಿಕ್ಕ ಮಕ್ಕಳ ಎಕೋ ದಿನಾ ಮಾಡುತ್ತೀರಾ? ಮಕ್ಕಳ ಪ್ರೋಬ್ ಇದೆಯಾ? ಚಿತ್ರ ತೆಗೆಯುವವರು ಟೆಕ್ನಿಶಿಯನ್ ಆದರೆ, ಅದನ್ನು ಓದುವವರು ಮಕ್ಕಳ ಹೃದ್ರೋಗ ತಜ್ಞರೇನಾ? ಹೀಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾನು ಕೇಳದೆ ಎರಡು ವಾರ ಕಳೆದುಕೊಂಡೆ.

ಹೊರಡುವ ಮುಂಚೆ ಫೈಲು

ಹಳೆಯ ರಿಪೋರ್ಟುಗಳೆಲ್ಲ ಇರಲಿ. ಕಾಗದ ಮಾತ್ರ ಅಲ್ಲ, ಚಿತ್ರಗಳ ಸಿಡಿ ಅಥವಾ ಪೆನ್‌ಡ್ರೈವ್ ಕೂಡ. ಬೇರೆಯವರು ಬರೆದ ವಾಕ್ಯಕ್ಕಿಂತ ಅವರು ಕಂಡ ಚಿತ್ರವನ್ನೇ ನೋಡುವುದು ತಜ್ಞರಿಗೆ ಇಷ್ಟ. ಆಪರೇಷನ್ ಆಗಿದ್ದರೆ ಅದರ ವಿವರದ ಹಾಳೆ ಖಂಡಿತ ಬೇಕು. ರಂಧ್ರಕ್ಕೆ ಪ್ಯಾಚ್ ಹಾಕಿದ್ದಾರಾ, ಕವಾಟ ತೆರೆದಿದ್ದಾರಾ, ಸ್ಟೆಂಟ್ ಇದೆಯಾ ಎಂದು ಗೊತ್ತಿದ್ದರೆ ಚಿತ್ರ ಓದುವುದು ಎಷ್ಟೋ ಸುಲಭ. ಅವತ್ತಿನ ಎತ್ತರ, ತೂಕ ಸರಿಯಾಗಿ ಅಳೆಸಿ. ಮಗುವಿನ ಹೃದಯದ ಅಳತೆಗಳನ್ನೆಲ್ಲ ಮೈ ಗಾತ್ರಕ್ಕೆ ಹೋಲಿಸಿಯೇ ಹೇಳುವುದರಿಂದ, ತೂಕ ಅಂದಾಜಿನಲ್ಲಿ ಬರೆಸಿದರೆ ರಿಪೋರ್ಟೂ ಅಂದಾಜಿನದ್ದೇ ಆಗುತ್ತದೆ.

ಇನ್ನೊಂದು ಹಾಳೆಯಲ್ಲಿ ನಿಮ್ಮ ಪ್ರಶ್ನೆ ಬರೆದುಕೊಳ್ಳಿ. ಯಾವ ಸ್ಕ್ಯಾನ್ ಆದರೂ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ತಾನೇ. 'ಯಾಕೆ ಮಾಡುತ್ತಿದ್ದೀರಿ, ಇದರಲ್ಲಿ ಏನು ಸಿಕ್ಕರೆ ಏನು ಬದಲಾಗುತ್ತದೆ?' ಈ ಒಂದು ಪ್ರಶ್ನೆ ಸಾಕು, ಮುಂದಿನ ಮಾತುಕತೆ ಪೂರ್ತಿ ಬೇರೆಯಾಗುತ್ತದೆ.

ಎಕೋ ಕೋಣೆಯಲ್ಲಿ

ಎಕೋದಲ್ಲಿ ಶಬ್ದದ ಅಲೆಗಳಿವೆ ಅಷ್ಟೇ, ವಿಕಿರಣ ಇಲ್ಲ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಈ ಅಲೆಗಳನ್ನು ಮೊದಲ ಸಲ ಹೃದಯದ ಕಡೆ ತಿರುಗಿಸಿದರು. ಅದಕ್ಕೂ ಮುಂಚಿನ ಕಾಲ ನೆನೆಸಿಕೊಂಡರೆ ಕಣ್ಣು ತುಂಬುತ್ತದೆ. ಹೆಲೆನ್ ಟಾಸಿಗ್ ಎಂಬ ಡಾಕ್ಟರಿಗೆ ಕಿವಿ ಮಂದವಾಗಿತ್ತು. ಅವರು ನೀಲಿಗಟ್ಟಿದ ಮಕ್ಕಳ ಎದೆಯನ್ನು ಕೈಯಿಂದ ಮುಟ್ಟಿ, ಎಕ್ಸ್‌ರೇ ಪರದೆಯಲ್ಲಿ ನೆರಳು ನೋಡಿ ಒಳಗೇನಾಗಿದೆ ಎಂದು ಊಹಿಸುತ್ತಿದ್ದರು. 1944ರ ನವೆಂಬರ್ 29ರಂದು ಸರ್ಜನ್ ಆಲ್ಫ್ರೆಡ್ ಬ್ಲಾಲಾಕ್ ಫ್ಯಾಲೋಟ್ ಟೆಟ್ರಾಲಜಿ ಇದ್ದ ಒಂದು ಕೂಸಿಗೆ ಮಾಡಿದ ಆಪರೇಷನ್ನಿನ ಹಿಂದೆ ಇದ್ದದ್ದು ಟಾಸಿಗ್ ಅವರ ಆ ತಿಳಿವಳಿಕೆ. ಪ್ರಯೋಗಶಾಲೆಯಲ್ಲಿ ಅದರ ವಿಧಾನ ಪಳಗಿಸಿದವರು ವಿವಿಯನ್ ಥಾಮಸ್. ನನ್ನ ಮಗಳಂಥ ಮಕ್ಕಳ ದಾರಿ ತೆರೆದದ್ದು ಅವತ್ತು.

ಈಗ ವಿಷಯಕ್ಕೆ ಬರೋಣ. ಮಗು ಅಳದೆ ಇರಲಿ ಎನ್ನುವುದು ಬರೀ ನೆಮ್ಮದಿಯ ಮಾತಲ್ಲ. ಅತ್ತಾಗ ಹೃದಯ ಬಡಿತ ಏರುತ್ತದೆ, ರಕ್ತದ ವೇಗ ಏರುತ್ತದೆ, ಶ್ವಾಸಕೋಶದ ಒತ್ತಡವೂ ಬದಲಾಗುತ್ತದೆ. ಆಗ ತೆಗೆದ ಅಳತೆ ಸುಮ್ಮನಿದ್ದಾಗಿನ ಅಳತೆಯಂತೆ ಇರುವುದಿಲ್ಲ. ಕೈಕಾಲು ಆಡಿಸಿದರೆ ಚಿತ್ರವೂ ನಿಲ್ಲುವುದಿಲ್ಲ. ಹಾಗಾಗಿ ಮಗುವನ್ನು ಸಮಾಧಾನವಾಗಿ ಇಡುವುದು ಪರೀಕ್ಷೆಯ ಒಂದು ಭಾಗವೇ, ಮತ್ತು ಅದನ್ನು ನಮ್ಮಷ್ಟು ಚೆನ್ನಾಗಿ ಯಾರೂ ಮಾಡಲಾರರು.

ಕೂಸಾದರೆ, ನಿದ್ದೆ ಔಷಧ ಕೊಡುವ ಯೋಜನೆ ಇಲ್ಲದಿದ್ದರೆ, ಹಾಲಿನ ಹೊತ್ತನ್ನು ಸ್ಕ್ಯಾನಿನ ಹೊತ್ತಿಗೆ ಹೊಂದಿಸಿಕೊಳ್ಳಿ. ಸ್ವಲ್ಪ ಹಸಿವು, ಸ್ವಲ್ಪ ನಿದ್ದೆ ಬಾಕಿ ಇರುವಾಗ ಒಳಗೆ ಹೋಗಿ, ಅಲ್ಲೇ ಹಾಲು ಕೊಡಿ. ಕುಡಿಯುತ್ತಾ ಕುಡಿಯುತ್ತಾ ಮಗು ನಿದ್ದೆ ಹೋಗುತ್ತದೆ, ಡಾಕ್ಟರು ಕೆಲಸ ಮುಗಿಸುತ್ತಾರೆ. ಮನೆಯಲ್ಲೇ ಹೊಟ್ಟೆ ಬಿರಿಯೆ ಕುಡಿಸಿ ಕರೆತರಬೇಡಿ. ಪಕ್ಕೆಲುಬಿನ ಕೆಳಗೆ ಪ್ರೋಬ್ ಒತ್ತಿ ನೋಡುವ ಕೋನ ಕೂಸುಗಳಲ್ಲಿ ತುಂಬಾ ಮುಖ್ಯ, ಹೊಟ್ಟೆ ತುಂಬಿದ್ದರೆ ಕಕ್ಕುತ್ತದೆ. ಬಟ್ಟೆ ಮುಂದಿನಿಂದ ಬಿಚ್ಚುವಂಥದ್ದಿರಲಿ. ಜೆಲ್ ತಣ್ಣಗಿರುತ್ತದೆ, 'ಸ್ವಲ್ಪ ಬೆಚ್ಚಗೆ ಮಾಡ್ತೀರಾ?' ಎಂದು ಕೇಳಿ. ನಮ್ಮ ಸ್ಕ್ಯಾನ್‌ಗಳಲ್ಲಿ ಅರ್ಧ ಅಳು ಆ ತಣ್ಣನೆಯ ಜೆಲ್‌ನಿಂದಲೇ ಬಂದದ್ದು.

ಒಂದರಿಂದ ಮೂರು ವರ್ಷದ ಮಕ್ಕಳದ್ದೇ ಕಷ್ಟ. ಹೇಳಿದರೆ ಅರ್ಥವಾಗುವುದಿಲ್ಲ, ಹಿಡಿದರೆ ನಿಲ್ಲುವುದಿಲ್ಲ. ಬೆಡ್ ಮೇಲೆ ಮಲಗಿಸಲೇಬೇಕು ಎಂದಿಲ್ಲ. ನೀವು ಮಲಗಿ, ನಿಮ್ಮ ಎದೆಗೆ ಒರಗಿಸಿಕೊಳ್ಳಬಹುದು. ಹಿಂದಿನ ದಿನಗಳಲ್ಲಿ ಬೊಂಬೆಯ ಎದೆಗೆ ಸೋಪಿನ ಬಿಲ್ಲೆ ಇಟ್ಟು 'ಡುಬ್ ಡುಬ್ ಕೇಳ್ತಿದೆಯಾ' ಎಂದು ಆಡಿಸಿ. ಮೊಬೈಲಿನಲ್ಲಿ ಅವರಿಗಿಷ್ಟದ ವಿಡಿಯೋ ಇಟ್ಟುಕೊಳ್ಳಿ, ಆದರೆ ಪ್ರೋಬ್ ಎದೆಗೆ ತಾಕುವ ಹೊತ್ತಿನವರೆಗೆ ತೋರಿಸಬೇಡಿ. 'ಸೂಜಿ ಚುಚ್ಚಲ್ಲ, ಹೆದರಬೇಡ' ಎನ್ನಬೇಡಿ. ಮಗುವಿಗೆ ಕೇಳಿಸುವುದು ಸೂಜಿ ಎಂಬ ಪದ ಮಾತ್ರ.

ಕತ್ತಿನ ಕೆಳಗಿನ ಗುಳಿಯಲ್ಲಿ ಪ್ರೋಬ್ ಇಟ್ಟು ನೋಡುವುದು ಮಕ್ಕಳಿಗೆ ಒಂದಿಷ್ಟೂ ಹಿಡಿಸುವುದಿಲ್ಲ. ಆದರೆ ಮಹಾಧಮನಿಯ ಕಮಾನು ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಅನುಭವ ಇರುವವರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆ ಹೊತ್ತಿಗೆ ಗದ್ದ ಮೇಲೆತ್ತಲು ಛಾವಣಿಯಲ್ಲಿ ಏನಾದರೂ ತೋರಿಸಿ.

ಪರದೆಯ ಮೇಲಿನ ಕೆಂಪು, ನೀಲಿ ನೋಡಿ ಗಾಬರಿಯಾಗಬೇಡಿ. ನೀಲಿ ಎಂದರೆ ಕೆಟ್ಟ ರಕ್ತ ಎಂದು ನಾನು ತಿಂಗಳುಗಟ್ಟಲೆ ಅಂದುಕೊಂಡಿದ್ದೆ. ಸಾಮಾನ್ಯವಾಗಿ ಪ್ರೋಬ್ ಕಡೆಗೆ ಬರುವ ರಕ್ತ ಕೆಂಪು, ಅದರಿಂದ ದೂರ ಹೋಗುವುದು ನೀಲಿ. ದಿಕ್ಕು ಅಷ್ಟೇ. ಬಣ್ಣಗಳು ಬೆರೆತು ಮಿನುಗಿದರೆ ಅಲ್ಲಿ ಹರಿವು ಜೋರಾಗಿದೆ ಎಂದು ಅರ್ಥ. ಹಾಗೆಯೇ ಡಾಕ್ಟರ ಮುಖವನ್ನೂ ಓದಲು ಹೋಗಬೇಡಿ. ಅವರು ಮೌನವಾಗಿದ್ದರೆ ಅಳೆಯುತ್ತಿದ್ದಾರೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಇನ್ನೂ ಒಳ್ಳೆಯ ಕೋನ ಹುಡುಕುತ್ತಿದ್ದಾರೆ. ನಡುವೆ ಪ್ರಶ್ನೆ ಕೇಳಬೇಡಿ, ಮುಗಿದ ಮೇಲೆ ಎಲ್ಲವನ್ನೂ ಕೇಳಿ.

ನಿದ್ದೆ ಔಷಧ ಬೇಕೆಂದರೆ

ಏನು ಮಾಡಿದರೂ ಮಗು ಸುಮ್ಮನಿರದಿದ್ದರೆ ಔಷಧ ಕೊಟ್ಟು ಮಲಗಿಸುತ್ತಾರೆ. ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯ ನಿಯಮ ಹೀಗೆ: ಗಟ್ಟಿ ಆಹಾರ, ಪುಡಿ ಹಾಲು ಆದ ಮೇಲೆ 6 ಗಂಟೆ, ಎದೆಹಾಲಾದರೆ 4 ಗಂಟೆ. ಬರೀ ನೀರಿನಂಥದ್ದಕ್ಕೆ 2 ಗಂಟೆ, ಕೆಲವು ಕಡೆ 1 ಗಂಟೆಯೂ ಸಾಕು ಎನ್ನುತ್ತಾರೆ. ನಿಮ್ಮ ಆಸ್ಪತ್ರೆಯವರು ಹೇಳಿದ್ದೇ ಕೊನೆಯ ಮಾತು. ಅಳು ತಡೆಯಲಾರದೆ ಎರಡು ಗುಟುಕು ಹಾಲು ಕೊಟ್ಟಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ. ಸ್ಕ್ಯಾನ್ ತಡವಾಗಬಹುದು, ಅಷ್ಟೇ. ಮಲಗಿದ ಮಗುವಿನ ಹೊಟ್ಟೆಯ ಹಾಲು ಶ್ವಾಸಕೋಶಕ್ಕೆ ಹೋದರೆ ಅದು ನಿಜವಾದ ಅಪಾಯ.

ನೀಲಿಗಟ್ಟುವ ಮಕ್ಕಳ ಅಪ್ಪ-ಅಮ್ಮ ಇದನ್ನು ಗಮನಿಸಿ. ಇವರು ಜಾಸ್ತಿ ಹೊತ್ತು ನೀರಿಲ್ಲದೆ ಇರಬಾರದು. ಟೆಟ್ರಾಲಜಿ ಇರುವ ಕೂಸುಗಳಿಗೆ ನೀರಿನಂಶ ಕಡಿಮೆಯಾದರೆ, ಅತ್ತು ಅತ್ತು ಬಳಲಿದರೆ, ಇದ್ದಕ್ಕಿದ್ದಂತೆ ಕಡುನೀಲಿ ಆಗುವ ಸ್ಪೆಲ್ ಬರಬಹುದು. ಬೆಳಗಿನ ಮೊದಲ ಸರದಿಯನ್ನೇ ಕೇಳಿ. ಏನಾದರೂ ತಡವಾದರೆ ಸುಮ್ಮನೆ ಕೂರದೆ, ಏನು ಕೊಡಬಹುದು ಎಂದು ನರ್ಸನ್ನು ಕೇಳಿ.

ಮುಗಿದ ಮೇಲೆ ಮಗು ಚೆನ್ನಾಗಿ ಎಚ್ಚರಗೊಂಡು, ಏನಾದರೂ ಕುಡಿದು ನಿಭಾಯಿಸುವವರೆಗೆ ಹೊರಡಬೇಡಿ. ವಾಹನದಲ್ಲಿ ಮಗುವಿನ ಕುತ್ತಿಗೆ ಮುಂದಕ್ಕೆ ಬಾಗದಂತೆ ಒಬ್ಬರು ಪಕ್ಕದಲ್ಲೇ ಕೂತು ನೋಡುತ್ತಿರಬೇಕು.

ರಿಪೋರ್ಟ್ ಕೈಗೆ ಬಂದಾಗ

ರಾತ್ರಿಯೆಲ್ಲ ಕೂತು ಒಂದೊಂದು ಪದ ಹುಡುಕಿದರೆ ನಿದ್ದೆ ಹಾಳು, ಪ್ರಯೋಜನ ಕಡಿಮೆ. ಕೆಲವು ಪದ ಗೊತ್ತಿದ್ದರೆ ಸಾಕು.

ಮೊದಲ ಸಾಲು ಸಾಮಾನ್ಯವಾಗಿ 'ಸೈಟಸ್ ಸಾಲಿಟಸ್, ಲೀವೋಕಾರ್ಡಿಯಾ' ಎಂದಿರುತ್ತದೆ. ಕಾಯಿಲೆಯ ಹೆಸರಿನಂತೆ ಕಾಣುತ್ತದೆ, ಅಲ್ವಾ? ಕಾಯಿಲೆಯಲ್ಲ. ಅಂಗಗಳು ಇರಬೇಕಾದ ಕಡೆ ಇವೆ, ಹೃದಯ ಎಡಗಡೆ ಇದೆ ಎಂದು ಅರ್ಥ. ವಿಎಸ್‌ಡಿ ಎಂದರೆ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ. ಎಎಸ್‌ಡಿ ಮೇಲಿನ ಕೋಣೆಗಳ ನಡುವಿನದು. ಪಿಎಫ್‌ಓ ಎಂಬುದು ಹೊಟ್ಟೆಯಲ್ಲಿರುವಾಗ ಎಲ್ಲ ಮಕ್ಕಳಿಗೂ ಇರುವ ಕಿಂಡಿ. ನಾಲ್ಕರಲ್ಲಿ ಒಬ್ಬ ದೊಡ್ಡವರಿಗೆ ಅದು ಪೂರ್ತಿ ಮುಚ್ಚಿರುವುದೇ ಇಲ್ಲ, ಅವರಿಗೆ ಗೊತ್ತೂ ಇರುವುದಿಲ್ಲ. ಪಿಡಿಎ ಕೂಡ ಹುಟ್ಟುವ ಮುಂಚೆ ಎಲ್ಲರಿಗೂ ಇರುವ ನಾಳ. ದಿನ ತುಂಬಿ ಹುಟ್ಟಿದ ಹೆಚ್ಚಿನ ಮಕ್ಕಳಲ್ಲಿ ಮೊದಲ ಮೂರು ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. 'ಟ್ರಿವಿಯಲ್' (ತೀರಾ ಅಲ್ಪ) ಎಂದು ಬರೆದ ಟ್ರೈಕಸ್ಪಿಡ್, ಅಂದರೆ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕವಾಟದ, ಸೋರಿಕೆ ಆರೋಗ್ಯವಂತ ಮಕ್ಕಳಲ್ಲೂ ಕಾಣುತ್ತದೆ.

ಜೆಡ್ ಸ್ಕೋರ್ ಎಂಬ ಅಂಕಿ ನೋಡಲು ಕಲಿಯಿರಿ. ಅದೇ ಗಾತ್ರದ ಮೈ ಇರುವ ಮಕ್ಕಳ ಸರಾಸರಿಯನ್ನು ಸೊನ್ನೆ ಎಂದು ಹಿಡಿದರೆ, ನಿಮ್ಮ ಮಗುವಿನ ಕವಾಟ ಅಥವಾ ನಾಳ ಅದರಿಂದ ಎಷ್ಟು ದೂರ ಎಂದು ಅದು ಹೇಳುತ್ತದೆ. ಮೈನಸ್ 2ರಿಂದ ಪ್ಲಸ್ 2ರವರೆಗೆ ಸಾಮಾನ್ಯ. ಮಿಲಿಮೀಟರ್ ಲೆಕ್ಕ ಮಗು ಬೆಳೆದಂತೆ ಏರುತ್ತಲೇ ಹೋಗುತ್ತದೆ, ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ಒಂದು ರಿಪೋರ್ಟಿನಿಂದ ಇನ್ನೊಂದಕ್ಕೆ ಜೆಡ್ ಸ್ಕೋರ್ ಬದಲಾಯಿತಾ ಎಂದು ಕೇಳಿ.

ಗ್ರೇಡಿಯಂಟ್ ಎಂದರೆ ಕಿರಿದಾದ ಜಾಗದ ಎರಡು ಕಡೆಯ ಒತ್ತಡದ ವ್ಯತ್ಯಾಸ. ಎಕೋ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ರಕ್ತದ ವೇಗ ಅಳೆದು, ಆ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 4ರಿಂದ ಗುಣಿಸುತ್ತಾರೆ. ಸೆಕೆಂಡಿಗೆ 3 ಮೀಟರ್ ವೇಗವಿದ್ದರೆ 36. ಅದೇ 4 ಮೀಟರ್ ಆದರೆ 64. ವೇಗ ಸ್ವಲ್ಪ ಏರಿದರೂ ಅಂಕಿ ಹೇಗೆ ಜಿಗಿಯಿತು ನೋಡಿ. ಅಳುವ ಮಗುವಿನ ಗ್ರೇಡಿಯಂಟನ್ನು ಹೋದ ಸಲದ ಶಾಂತ ಮಗುವಿನ ಅಂಕಿಯ ಜೊತೆ ಇಟ್ಟು ನೋಡಬಾರದು ಎನ್ನುವುದು ಇದಕ್ಕೇ. ಮಗು ಅಳುತ್ತಿತ್ತು ಎಂದು ರಿಪೋರ್ಟಿನಲ್ಲಿ ಬರೆಯಲು ಕೇಳಿಕೊಳ್ಳಿ. ಇಲ್ಲವಾದರೆ ನೀವೇ ಮೂಲೆಯಲ್ಲಿ ಬರೆದಿಡಿ.

ಈ ಅಂಕಿಯ ವಿಚಾರದಲ್ಲಿ ಇನ್ನೊಂದು ಇದೆ. ಕವಾಟ ಕಿರಿದಾಗಿದ್ದರೆ ಗ್ರೇಡಿಯಂಟ್ ದೊಡ್ಡದಿರುವುದು ಒಳ್ಳೆಯದಲ್ಲ. ಆದರೆ ವಿಎಸ್‌ಡಿಯಲ್ಲಿ ರಂಧ್ರದ ಎರಡು ಕಡೆಯ ವ್ಯತ್ಯಾಸ ದೊಡ್ಡದಿದ್ದರೆ ಬಹುತೇಕ ಒಳ್ಳೆಯ ಸುದ್ದಿ. ರಂಧ್ರ ಚಿಕ್ಕದು, ಎಡಗಡೆಯ ಜೋರು ಒತ್ತಡ ಬಲಗಡೆಗೆ ದಾಟುತ್ತಿಲ್ಲ ಎಂದು ಅರ್ಥ. ಚಿಕ್ಕ ರಂಧ್ರದ ಮರ್ಮರ್ ಜೋರಾಗಿ ಕೇಳುವುದೂ ಅದರಿಂದಲೇ, ನಲ್ಲಿಯ ಬಾಯಿಗೆ ಬೆರಳು ಒತ್ತಿದರೆ ನೀರು ಸುಂಯ್ ಎನ್ನುವ ಹಾಗೆ. ಹಾಗಾಗಿ ಅಂಕಿಯನ್ನು ಒಂಟಿಯಾಗಿ ಹಿಡಿದು ಹೆದರಬೇಡಿ. ಯಾವ ಜಾಗದ ಅಂಕಿ ಎಂದು ಕೇಳಿ.

ಕೊನೆಯಲ್ಲಿ 'ಚಿತ್ರ ಸ್ಪಷ್ಟವಿಲ್ಲ' ಎಂದೋ 'ಈ ಭಾಗ ಕಂಡಿಲ್ಲ' ಎಂದೋ ಬರೆದಿದ್ದಾರಾ ನೋಡಿ. ಬರೆದಿದ್ದರೆ ಆ ಭಾಗ ಸರಿ ಇದೆ ಎಂದಲ್ಲ, ಅದನ್ನು ಇನ್ನೂ ನೋಡಬೇಕು ಎಂದು. ನಮ್ಮ ಮೊದಲ ರಿಪೋರ್ಟಿನಲ್ಲಿ 'ಮತ್ತೆ ನೋಡಬೇಕು' ಎಂಬ ಮಾತೇ ನಿಜವಾದ ಮಾತಾಗಿತ್ತು.

ಎಕೋ ಸಾಲದೇ ಹೋದಾಗ

ಮಕ್ಕಳು ಬೆಳೆದಂತೆ ಎಕೋ ಕಿಟಕಿ, ಅಂದರೆ ಶಬ್ದದ ಅಲೆ ಒಳಗೆ ಹೋಗುವ ಜಾಗ, ಚಿಕ್ಕದಾಗುತ್ತದೆ. ಶ್ವಾಸಕೋಶದ ಗಾಳಿ, ಮೂಳೆ, ಆಪರೇಷನ್ನಿನ ಗಾಯದ ಗುರುತು ಶಬ್ದದ ಅಲೆಗೆ ಅಡ್ಡ ಬರುತ್ತವೆ. ಆಗ ಬೇರೆ ದಾರಿಗಳಿವೆ.

ಸಿಟಿ ಕೆಲವೇ ಸೆಕೆಂಡಿನ ಕೆಲಸ. ರಕ್ತನಾಳಗಳ ದಾರಿ, ಶ್ವಾಸನಾಳವನ್ನು ಸುತ್ತಿ ಒತ್ತುವ ನಾಳಗಳು, ಹೃದಯಕ್ಕೇ ರಕ್ತ ಕೊಡುವ ಕರೋನರಿಗಳು ಚೆನ್ನಾಗಿ ಕಾಣುತ್ತವೆ. ಆದರೆ ವಿಕಿರಣ ಇದೆ. ಮಕ್ಕಳ ಪ್ರಮಾಣಕ್ಕೆ ಇಳಿಸಿ ಮಾಡುತ್ತೀರಾ ಎಂದು ಕೇಳುವುದು ನಮ್ಮ ಹಕ್ಕು. ಅನ್ನನಾಳದ ಮೂಲಕ ಮಾಡುವ ಎಕೋ ಹೆಚ್ಚಾಗಿ ಆಪರೇಷನ್ ಥಿಯೇಟರಿನಲ್ಲಿ, ಮಗು ಅರಿವಳಿಕೆಯಲ್ಲಿ ಇರುವಾಗಲೇ ಆಗುತ್ತದೆ. ರಿಪೇರಿ ಸರಿಯಾಯಿತಾ ಎಂದು ಸರ್ಜನ್‌ಗೆ ಅಲ್ಲೇ ತೋರಿಸುತ್ತದೆ.

ಎಂಆರ್‌ಐ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಟೆಟ್ರಾಲಜಿ ಆಪರೇಷನ್ ಆದ ಎಷ್ಟೋ ಮಕ್ಕಳಲ್ಲಿ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯ ಕವಾಟ ಸೋರುತ್ತಿರುತ್ತದೆ. ವರ್ಷಗಳು ಕಳೆದಂತೆ ಬಲಗಡೆಯ ಕೆಳಕೋಣೆ ಹಿಗ್ಗುತ್ತದೆ. ಮಗು ಆಡುತ್ತಾ ಓಡುತ್ತಾ ಇರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆ ಕೋಣೆಯ ಆಕಾರ ವಕ್ರ, ಎಕೋದಲ್ಲಿ ಅದರ ಗಾತ್ರ ನಿಖರವಾಗಿ ಸಿಗುವುದು ಕಷ್ಟ. ಎಂಆರ್‌ಐ ಅದನ್ನು ಮಿಲಿಲೀಟರ್ ಲೆಕ್ಕದಲ್ಲಿ ಕೊಡುತ್ತದೆ. ಹೊಸ ಕವಾಟ ಯಾವಾಗ ಹಾಕಬೇಕು ಎಂಬ ತೀರ್ಮಾನ ಬಹಳಷ್ಟು ಆ ಅಳತೆಯ ಮೇಲೆ ನಿಂತಿದೆ. ಅದಕ್ಕೇ 'ಚೆನ್ನಾಗಿದ್ದಾಳಲ್ಲ, ಯಾಕೆ ಸುಮ್ನೆ' ಎಂದು ಯಾರು ಹೇಳಿದರೂ ತಪ್ಪಿಸಬೇಡಿ.

ಅದರಲ್ಲಿ ವಿಕಿರಣ ಇಲ್ಲ, ಆದರೆ 45 ನಿಮಿಷದಿಂದ ಒಂದು ಗಂಟೆ ಸುರಂಗದಂಥ ಯಂತ್ರದೊಳಗೆ ಅಲುಗಾಡದೆ ಮಲಗಬೇಕು, ಸದ್ದು ಜೋರು. ಕೆಲವೇ ತಿಂಗಳ ಕೂಸಿಗೆ ಹಾಲು ಕುಡಿಸಿ, ಬಿಗಿಯಾಗಿ ಸುತ್ತಿ ಮಲಗಿಸಿಯೇ ಮಾಡುವ ಪದ್ಧತಿ ಇದೆ. ಅದಾದ ಮೇಲೆ ಕೆಲವು ವರ್ಷ ಅರಿವಳಿಕೆ ಬೇಕಾಗುತ್ತದೆ. ಏಳೆಂಟು ವರ್ಷದ ಹೊತ್ತಿಗೆ ಎಷ್ಟೋ ಮಕ್ಕಳು ಎಚ್ಚರವಾಗಿಯೇ ಮಾಡಿಸಿಕೊಳ್ಳುತ್ತಾರೆ, ಅಭ್ಯಾಸ ಮಾಡಿಸಿದರೆ. ನಾವು ಊಟದ ಮೇಜಿನ ಕೆಳಗೆ ಚಾಪೆ ಹಾಸಿ, ಎಂಆರ್‌ಐ ಸದ್ದನ್ನು ಮೊಬೈಲಿನಲ್ಲಿ ಹಾಕಿ, ದಿನಾ ಹತ್ತು ನಿಮಿಷ ಮಲಗಿಸಿದೆವು. 'ಉಸಿರು ಬಿಡು, ಹಿಡಿ' ಎಂದು ಹೇಳಿ ಹತ್ತು, ಹನ್ನೆರಡು ಎಣಿಸುತ್ತಿದ್ದೆವು. ಎರಡು ವಾರಕ್ಕೆ ಅವಳಿಗೆ ಅದೊಂದು ಆಟವಾಯಿತು.

ಪೇಸ್‌ಮೇಕರ್, ಸ್ಟೆಂಟ್, ಕಾಯಿಲ್ (ನಾಳ ಮುಚ್ಚಲು ಹಾಕುವ ಲೋಹದ ಸುರುಳಿ), ಹಲ್ಲಿಗೆ ಹಾಕಿದ ತಂತಿ, ಏನಿದ್ದರೂ ಮೊದಲೇ ಹೇಳಿ. ಎದೆಮೂಳೆ ಕೂಡಿಸಿದ ತಂತಿಗಳು ಸಾಮಾನ್ಯವಾಗಿ ಅಡ್ಡಿಯಲ್ಲ, ಆದರೂ ಹೇಳಿ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಹಾಕುವ ದ್ರವ) ಕೊಡುವ ಮುಂಚೆ ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ತಿಳಿಸಿ.

ಮುಂದಿನ ಮಗು

ಒಂದು ಮಗುವಿಗೆ ಹೃದಯ ದೋಷ ಇದ್ದರೆ ಮುಂದಿನದಕ್ಕೂ ಬರುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚು. ಬಹುತೇಕ ದೋಷಗಳಲ್ಲಿ ನೂರಕ್ಕೆ ಎರಡು ಮೂರು. ಅಂದರೆ ನೂರಕ್ಕೆ ತೊಂಬತ್ತೇಳು ಪಾಲು ಬರುವುದಿಲ್ಲ. ಗರ್ಭಿಣಿಯಾದಾಗ 18ರಿಂದ 22 ವಾರದ ನಡುವೆ ಭ್ರೂಣದ ಎಕೋ ಮಾಡಿಸಿ. ಅಮ್ಮನಿಗೆ ಮುಂಚಿನಿಂದಲೇ ಸಕ್ಕರೆ ಕಾಯಿಲೆ ಇದ್ದರೂ ಇದು ಬೇಕು. ದೊಡ್ಡ ದೋಷಗಳು ಹೆಚ್ಚಾಗಿ ಕಾಣುತ್ತವೆ. ಸಣ್ಣ ವಿಎಸ್‌ಡಿ, ಮಹಾಧಮನಿಯ ಕೆಲವು ಕಿರಿದಾಗುವಿಕೆಗಳು ತಪ್ಪಿಹೋಗಬಹುದು. ಪಿಡಿಎ ಆಗ ಎಲ್ಲರಿಗೂ ತೆರೆದೇ ಇರುವುದರಿಂದ ಅದು ಮುಚ್ಚುತ್ತದಾ ಎಂದು ಹೇಳಲಾಗದು. ಹುಟ್ಟಿ 24 ಗಂಟೆ ಆದ ಮೇಲೆ ಬಲಗೈ ಮತ್ತು ಒಂದು ಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಲು ಕೇಳಿ. ನೋವಿಲ್ಲದ, ಕೆಲವೇ ನಿಮಿಷದ ಪರೀಕ್ಷೆ. ಗರ್ಭದಲ್ಲಿ ಕಾಣದೆ ಉಳಿದ ಕೆಲವು ದೋಷಗಳು ಅಲ್ಲಿ ಸಿಗುತ್ತವೆ.

ಒಂದು ಚಿತ್ರ ಬಿಡಿಸಿ ಕೊಡಲು ಹೇಳಿ

ಎಲ್ಲ ಮುಗಿದು ಡಾಕ್ಟರ ಎದುರು ಕೂತಾಗ ಒಂದು ಬಿಳಿ ಹಾಳೆ ಮುಂದಿಡಿ. 'ನನ್ನ ಮಗುವಿನ ಹೃದಯ ಬಿಡಿಸಿ ತೋರಿಸಿ' ಎನ್ನಿ. ನಾಲ್ಕು ಚೌಕ, ಎರಡು ಕೊಳವೆ, ಒಂದು ಬಾಣ ಸಾಕು. ಹತ್ತು ಪುಟದ ರಿಪೋರ್ಟಿಗಿಂತ ನನಗೆ ಅದರಿಂದ ಹೆಚ್ಚು ತಿಳಿದಿದೆ. ಅದಕ್ಕೆ ದಿನಾಂಕ ಹಾಕಿ ಫೈಲಿನ ಮೊದಲ ಪುಟವಾಗಿ ಇಡಿ. ಮಗು ದೊಡ್ಡದಾಗುತ್ತಾ ಅದನ್ನು ತೋರಿಸಿ, ದೋಷದ ಹೆಸರು, ಆಪರೇಷನ್ನಿನ ಹೆಸರು ಹೇಳಿಕೊಡಿ. ಮುಂದೆ ದೊಡ್ಡವರ ಆಸ್ಪತ್ರೆಗೆ ಒಬ್ಬರೇ ಹೋಗುವ ದಿನ ಬರುತ್ತದೆ, ಆಗ ಹೇಳಬೇಕಾದವರು ಅವರೇ. ನಮ್ಮ ಫೈಲಿನ ಮೊದಲ ಪುಟದ ಚಿತ್ರ ಹೋದ ವರ್ಷ ಬದಲಾಯಿತು. ಈಗ ಇರುವುದು ಮಗಳು ತಾನೇ ಬಿಡಿಸಿದ್ದು. ಪ್ಯಾಚ್ ಹಾಕಿದ ಜಾಗಕ್ಕೆ ಹಸಿರು ಬಣ್ಣ ತುಂಬಿದ್ದಾಳೆ.